ಆಕ್ಸ್‌ಫರ್ಡ್: ಒಂದೇ ದಿನದಲ್ಲಿ ಏನೇನು ನೋಡಬಹುದು?

ಪ್ರಶ್ನೆ: ಲಂಡನ್ನಿನ ಮಗಳ ಮನೆಗೆ ಬಂದಿರುವ ನಾವು ಬೆಳಿಗ್ಗೆ ಹೊರಟು ಸಂಜೆ ಮರಳುವಂತೆ ಆಕ್ಸ್‌ಫರ್ಡ್ ನೋಡಬೇಕೆಂದಿದ್ದೇವೆ. ಮಂಡಿನೋವಿರುವ ನಮ್ಮ ಯಜಮಾನರಿಗೆ ಆಯಾಸವಾಗದಂತೆ ಸುತ್ತುವುದು ಹೇಗೆಂದು ದಯವಿಟ್ಟು ತಿಳಿಸಿ.

ಉತ್ತರ 1: ಪ್ಯಾಡಿಂಗ್ಟನ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. ಮೊದಲು, 1602ರಲ್ಲಿ ತೆರೆದ ಬಾಡ್ಲಿಯನ್ ಗ್ರಂಥಾಲಯಕ್ಕೆ ಹೋಗಿ, ಅಲ್ಲಿನ ಡಿವಿನಿಟಿ ಸ್ಕೂಲಿನ ಕಲ್ಲಿನ ಛಾವಣಿಯನ್ನೂ ಅದರಲ್ಲಿ ಒಂದೊಂದಾಗಿ ಮೂಡಿಸಿದ 455 ಉಬ್ಬುಗೆತ್ತನೆಗಳನ್ನೂ ತಲೆಯೆತ್ತಿ ನಿಧಾನವಾಗಿ ನೋಡಿ. ಸೇಂಟ್ ಮೇರಿ ಚರ್ಚಿನ ಗೋಪುರಕ್ಕೆ 127 ಮೆಟ್ಟಿಲುಗಳಿರುವುದರಿಂದ ಅದನ್ನು ಬಿಡುವುದೇ ಲೇಸು.

ಉತ್ತರ 2: ನಮ್ಮ ಗಿರೀಶ ಕಾರ್ನಾಡರು ಓದಿದ ಮಾಡ್ಲಿನ್ ಕಾಲೇಜನ್ನು ಮಾತ್ರ ತಪ್ಪಿಸಬೇಡಿ, ಅಲ್ಲಿ ಜಿಂಕೆವನವೂ ನದಿಯ ದಂಡೆಯ ಕಾಲುದಾರಿಯೂ ಇವೆ. ಕಾಲೇಜುಗಳು ಕೆಲವು ದಿನ ಪ್ರವೇಶ ನಿಲ್ಲಿಸುವುದುಂಟು, ಆದ್ದರಿಂದ ಮುಂಚಿತವಾಗಿ ವಿಚಾರಿಸಿಕೊಳ್ಳಿ.

ಉತ್ತರ 3: ಮಳೆ ಬಂದರೆ ಆಶ್ಮೋಲಿಯನ್ ಸಂಗ್ರಹಾಲಯಕ್ಕೆ ಹೋಗಿ, ಪ್ರವೇಶ ಉಚಿತ, ಲಿಫ್ಟ್ ಕೂಡ ಇದೆ.