ಅಲ್ಟ್ರಾಸೌಂಡ್ ಕೊಟ್ಮೇಲೆ ಹೊಂಗೆ ಬಯೋಡೀಸೆಲ್ ಗಂಜಿ ತರ ಆಗ್ತಿದೆ, ಗ್ಲಿಸರಿನ್ ಇಳೀತಾನೇ ಇಲ್ಲ

ಹೊಂಗೆತೋಪು:
ನಮಸ್ಕಾರ ಎಲ್ರಿಗೂ. ಹಾಸನದ ಕಡೆಯವ್ನು, ಬದುವಿನ ಹೊಂಗೆ ಬೀಜ ಗಾಣಕ್ಕೆ ಕೊಟ್ಟು ಎಣ್ಣೆ ತೆಗೆಸ್ತೀನಿ. ಮೊದ್ಲು ಬೋಂಡಾ ಕರಿದ ಸೂರ್ಯಕಾಂತಿ ಎಣ್ಣೆಲಿ ಬಯೋಡೀಸೆಲ್ ಮಾಡಿದ್ದೆ, 60 ಡಿಗ್ರಿಲಿ ಒಂದು ಗಂಟೆ ಕಲಸಿದ್ರೆ ಚೆನ್ನಾಗೇ ಬರ್ತಿತ್ತು. ಬೇಗ ಆಗುತ್ತೆ ಅಂತ ಈಗ 40 ಕಿಲೋಹರ್ಟ್ಸ್‌ ಅಲ್ಟ್ರಾಸಾನಿಕ್ ಕ್ಲೀನರ್ (ಶಬ್ದದ ಅಲೆಯಿಂದ ಸಾಮಾನು ತೊಳೆಯೋ ನೀರಿನ ಟಬ್) ತಗೊಂಡೆ. 500 ಎಂಎಲ್ ಹೊಂಗೆ ಎಣ್ಣೆ, 125 ಎಂಎಲ್ ಮೆಥನಾಲ್, 5 ಗ್ರಾಂ ಕಾಸ್ಟಿಕ್ ಪೊಟ್ಯಾಷ್, ಪ್ಲಾಸ್ಟಿಕ್ ಬಾಟ್ಲಿಲಿ ಹಾಕಿ ಟಬ್ಬಲ್ಲಿಟ್ಟು 20 ನಿಮಿಷ ಬಿಟ್ಟೆ. ರಾತ್ರಿಯೆಲ್ಲ ಇಟ್ರೂ ಬಯೋಡೀಸೆಲ್ ಮೇಲೆ, ಗ್ಲಿಸರಿನ್ ಕೆಳಗೆ ಅಂತ ಪದರ ಆಗಿಲ್ಲ, ಹಳದಿ ಗಂಜಿ ತರ ನಿಂತಿದೆ, ಬೆರಳಿಗೆ ಸೋಪ್ ಜಾರಿದಂಗೆ ಜಾರುತ್ತೆ. ಮಷಿನ್ ಸರಿಯಿಲ್ವಾ?

ಗಾಣದಮನೆ:
ಮಷಿನ್ ಅಲ್ಲ ಅಣ್ಣ, ಎಣ್ಣೆ. ಟೈಟ್ರೇಷನ್, ಅಂದ್ರೆ ಎಣ್ಣೇಲಿ ಆಮ್ಲ ಎಷ್ಟಿದೆ ಅಂತ ಅಳೆಯೋದು, ಮಾಡಿದ್ರಾ? 1 ಲೀಟರ್ ನೀರಿಗೆ 1 ಗ್ರಾಂ ಪೊಟ್ಯಾಷ್ ಕರಗಿಸ್ಕೊಳ್ಳಿ, 10 ಎಂಎಲ್ ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ 1 ಎಂಎಲ್ ಎಣ್ಣೆ, ಚಿಟಿಕೆ ಅರಿಶಿನ ಹಾಕಿ, ಪೊಟ್ಯಾಷ್ ನೀರನ್ನ ಹನಿಹನಿ ಬಿಡಿ, ಬಣ್ಣ ಕೆಂಪಾಗಿ ನಿಲ್ಲೋವರೆಗೂ. ಎಷ್ಟು ಎಂಎಲ್ ಹಿಡೀತು ಹೇಳಿ.

ಹೊಂಗೆತೋಪು:
11 ಎಂಎಲ್ ಹಿಡೀತು ಸರ್. ಬೀಜ ಮಳೇಲಿ ಒದ್ದೆಯಾಗಿತ್ತು, ಗೋಣೀಲಿ ವರ್ಷ ಇಟ್ಟಿದ್ದೆ.

ಗಾಣದಮನೆ:
ಹಂಗಾದ್ರೆ ಕೊಬ್ಬಿನಾಮ್ಲ ಸುಮಾರು 6 ಪರ್ಸೆಂಟ್ ಇದೆ. ಪೊಟ್ಯಾಷ್ ಹಾಕಿದ ತಕ್ಷಣ ಅದು ಸೋಪಾಗುತ್ತೆ. ಅಲ್ಟ್ರಾಸೌಂಡ್ ಮಾಡೋ ಕೆಲ್ಸ ಏನಂದ್ರೆ, ದ್ರವದಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಪಟ್ ಅಂತ ಒಡೀತಾವೆ, ಆ ಹೊಡೆತಕ್ಕೆ ಮೆಥನಾಲ್ ಎಣ್ಣೆ ಒಳಗೆ ಸಣ್ಣ ಸಣ್ಣ ಹನಿಯಾಗಿ ಸೇರ್ಕೊಳ್ಳುತ್ತೆ, ಅದಕ್ಕೇ ರಿಯಾಕ್ಷನ್ ಬೇಗ ನಡೆಯೋದು. ಆದ್ರೆ ಸೋಪ್ ಇದ್ರೆ ಅದೇ ಹನಿಗಳನ್ನ ಸೋಪ್ ಹಿಡ್ಕೊಂಡು ಬಿಡೋದೇ ಇಲ್ಲ, ಮಜ್ಜಿಗೆ ಕಡೆದಂಗೆ ಆಗೋದು ಅದಕ್ಕೇ.

ಮೊದ್ಲು ಆಸಿಡ್ ಸ್ಟೇಜ್ ಮಾಡಿ, ಅಂದ್ರೆ ಪೊಟ್ಯಾಷ್ ಹಾಕೋ ಮುಂಚೆ ಆ ಕೊಬ್ಬಿನಾಮ್ಲ ಕಮ್ಮಿ ಮಾಡೋದು. ಎಣ್ಣೇನ 110 ಡಿಗ್ರಿಗೆ ಕಾಯಿಸಿ ನೀರು ಹೋಗ್ಸಿ, ಆಮೇಲೆ 60ಕ್ಕಿಂತ ಕೆಳಗೆ ತಣ್ಣಗೆ ಮಾಡಿ, ಮೆಥನಾಲ್ 64.7ಕ್ಕೇ ಕುದಿಯುತ್ತೆ ನೆನಪಿರ್ಲಿ. ಲೀಟರ್ ಎಣ್ಣೆಗೆ 250 ಎಂಎಲ್ ಮೆಥನಾಲ್, ಅದಕ್ಕೆ 5 ಎಂಎಲ್ ಸಲ್ಫ್ಯೂರಿಕ್ ಆಸಿಡ್ ನಿಧಾನಕ್ಕೆ ಬೆರೆಸಿ ಎಣ್ಣೆಗೆ ಹಾಕಿ, ಗಂಟೆ ಬಿಟ್ಟು ಮೇಲೆ ನಿಲ್ಲೋ ಪದರ ತೆಗೀರಿ. ಮತ್ತೆ ಟೈಟ್ರೇಟ್ ಮಾಡಿ, 2-3 ಎಂಎಲ್‌ಗೆ ಇಳಿದಿದ್ರೆ ಆಗ್ಲೇ ಪೊಟ್ಯಾಷ್. ಗ್ಲೌಸ್, ಕನ್ನಡಕ ಬೇಕೇ ಬೇಕು. ಬಯಲಲ್ಲೇ ಮಾಡಿ ಅಣ್ಣ, ಮೆಥನಾಲ್ ಆವಿ ಕಿಡಿಗೆ ಹತ್ಕೊಳ್ಳುತ್ತೆ, ಕ್ಲೀನರ್ ಆ ಥರದ ಕೆಲ್ಸಕ್ಕೆ ಮಾಡಿದ್ದಲ್ಲ.

ಪಂಪ್‌ಸೆಟ್ ರಿಪೇರಿ:
ಪ್ಲಾಸ್ಟಿಕ್ ಬಾಟ್ಲಿನೂ ಬಿಡಿ, ಅದು ಶಬ್ದಾನ ಹೀರುತ್ತೆ, ತೆಳು ಗಾಜಿನ ಫ್ಲಾಸ್ಕ್ ಇಡಿ. ಅಡುಗೆಮನೆ ಅಲ್ಯೂಮಿನಿಯಂ ಫಾಯಿಲ್ ಪಟ್ಟಿ ನೀರಲ್ಲಿ ಇಳಿಬಿಟ್ಟು ಒಂದು ನಿಮಿಷ ಆನ್ ಮಾಡಿ, ಎಲ್ಲಿ ತೂತು ಬೀಳುತ್ತೋ ಅಲ್ಲೇ ಜೋರಿರೋದು, ಫ್ಲಾಸ್ಕ್ ಅಲ್ಲೇ ನಿಲ್ಲಿಸಿ.

ಹೊಂಗೆತೋಪು:
ಆಸಿಡ್ ಆದ್ಮೇಲೆ 2 ಎಂಎಲ್ ಬಂತು. ಫಾಯಿಲ್‌ಗೆ ನಡುವೆ ಮಾತ್ರ ಜರಡಿ ತರ ತೂತು ಬಿದ್ದಿತ್ತು, ನಾನು ಇಷ್ಟು ದಿನ ಮೂಲೇಲಿ ಇಡ್ತಿದ್ದೆ! ಈಗ 15 ನಿಮಿಷಕ್ಕೇ ನಿಲ್ಲಿಸ್ದೆ, ಗಂಟೆ ಒಳಗೆ ಕಪ್ಪು ಗ್ಲಿಸರಿನ್ ಕೆಳಗೆ ಕೂತಿದೆ. 27 ಎಂಎಲ್ ಮೆಥನಾಲ್‌ಗೆ 3 ಎಂಎಲ್ ಬಯೋಡೀಸೆಲ್ ಬಿಟ್ಟು ನೋಡ್ದೆ, ತಳದಲ್ಲಿ ಒಂದು ಹನಿ ಎಣ್ಣೆನೂ ಉಳೀಲಿಲ್ಲ, ಅಂದ್ರೆ ಎಣ್ಣೆ ಚೆನ್ನಾಗಿ ಬಯೋಡೀಸೆಲ್ ಆಗಿದೆ. ತುಂಬಾ ಖುಷಿಯಾಯ್ತು. ನಾಳೆ ನೀರಲ್ಲಿ ತೊಳೀಬೇಕು, ಟಬ್ಬಲ್ಲೇ ಆನ್ ಮಾಡಿ ತೊಳೀಲಾ?

ಗಾಣದಮನೆ:
ಬೇಡ ಬೇಡ, ಮತ್ತೆ ಗಂಜಿ ಆಗುತ್ತೆ. ಬೆಚ್ಚಗಿನ ನೀರನ್ನ ಮೇಲಿಂದ ಮಂಜಿನ ಥರ ಸಿಂಪಡಿಸಿ, ಅಲ್ಲಾಡಿಸದೆ ಬಿಡಿ.