ಮನೆಯಲ್ಲೇ ಮೊದಲು ಇಂಜಿನಿಯರಿಂಗ್‌ಗೆ ಬಂದವರು ಮೊದಲ ಸೆಮಿಸ್ಟರಲ್ಲೇ ಹಿಂದೆ ಬೀಳದಂತೆ ಏನು ಮಾಡಬೇಕು?

ಮೆಂಟರ್, ಬಾಗಲಕೋಟೆ
ಬೀಳಗಿ, ಹುನಗುಂದ, ಜಮಖಂಡಿ ಕಡೆಯ ಹಳ್ಳಿಗಳ ವಿದ್ಯಾರ್ಥಿಗಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಇವರೇ ಮೊದಲು. ಮೊದಲ ಇಂಟರ್ನಲ್ಸ್‌ನಲ್ಲಿ (ಕಾಲೇಜಿನ ಆಂತರಿಕ ಪರೀಕ್ಷೆ) ಗಣಿತ, ಸಿ ಪ್ರೋಗ್ರಾಮಿಂಗ್ ಕೈಕೊಡುತ್ತವೆ, ಆಮೇಲೆ ಹಾಜರಾತಿಯೂ ಇಳಿಯುತ್ತದೆ. ವಿಟಿಯುದಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಿಐಇ, ಅಂದರೆ ಆಂತರಿಕ ಮೌಲ್ಯಮಾಪನದಲ್ಲಿ, 50ಕ್ಕೆ 20 ಬರದಿದ್ದರೆ ಸೆಮಿಸ್ಟರ್ ಪರೀಕ್ಷೆಗೇ ಕೂರುವಂತಿಲ್ಲ. ಎಕ್ಸ್‌ಟ್ರಾ ಕ್ಲಾಸಿಗೆ ಬರಬೇಕಾದವರೇ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಗಣಿತ ವಿಭಾಗ, ವಿಜಯಪುರ
ಇಂಟರ್ನಲ್ಸ್‌ವರೆಗೆ ಕಾಯಬೇಡಿ ಸರ್. ಎರಡನೇ ವಾರದಲ್ಲೇ ಅರ್ಧ ಗಂಟೆಯ ಪರೀಕ್ಷೆ ಕೊಡಿ, ಅಂಕ ಲೆಕ್ಕಕ್ಕಿಲ್ಲ ಎಂದು ಮೊದಲೇ ಹೇಳಿಬಿಡಿ. ವಾಕ್ಯರೂಪದ ಮೂರು ಲೆಕ್ಕ ಇಂಗ್ಲಿಷಿನಲ್ಲಿ, ಅಂಥವೇ ಮೂರು ಕನ್ನಡದಲ್ಲಿ. ಕನ್ನಡದ್ದು ಬಿಡಿಸಿ ಇಂಗ್ಲಿಷಿನದ್ದು ಬಿಟ್ಟಿದ್ದರೆ ತೊಡಕಿರುವುದು ಪ್ರಶ್ನೆ ಓದುವುದರಲ್ಲಿ. ಅಂಥವರಿಗೆ ಹಳೆಯ ಪ್ರಶ್ನೆಪತ್ರಿಕೆಗಳಿಂದ 'ಡಿರೈವ್', 'ಜಸ್ಟಿಫೈ', 'ಡಿಸ್ಟಿಂಗ್ವಿಶ್' ಎಂಬಂಥ ಪದ ಆರಿಸಿ, ಒಂದೊಂದಕ್ಕೂ ಉತ್ತರದಲ್ಲಿ ಏನೇನಿರಬೇಕೆಂದು ಬೋರ್ಡ್ ಮೇಲೆ ಬರೆದು ತೋರಿಸಿ. ಎರಡೂ ಬಾರದವರಿಗೆ ಲಾಗರಿದಮ್, ತ್ರಿಕೋನಮಿತಿ, ಡಿಫರೆನ್ಸಿಯೇಶನ್ ಮತ್ತೆ ಬುಡದಿಂದ ಆಗಬೇಕು. ಈ ಎರಡೂ ಗುಂಪನ್ನು 'ವೀಕ್ ಸ್ಟೂಡೆಂಟ್ಸ್' ಎಂಬ ಒಂದೇ ಪಟ್ಟಿಗೆ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸುವುದನ್ನು ದಯವಿಟ್ಟು ನಿಲ್ಲಿಸಿ. ಆ ಹೆಸರು ಬಿದ್ದ ಮೇಲೆ ಯಾವ ಹುಡುಗಿ ಆ ಕ್ಲಾಸಿಗೆ ಬಂದಾಳು? ಇನ್ನೊಂದು ಮಾತು: ಆ ಕ್ಲಾಸು ಟೈಮ್‌ಟೇಬಲ್ ಒಳಗೇ ಇರಲಿ. ಸಂಜೆ ಐದರ ಮೇಲೆ ಇಟ್ಟರೆ ಹಳ್ಳಿಯ ಬಸ್ ತಪ್ಪುತ್ತದೆ.

ಲ್ಯಾಬ್ ಇನ್‌ಸ್ಟ್ರಕ್ಟರ್, ಬೆಳಗಾವಿ
ಸಿ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರು ಕೂತರೆ ಟೈಪಿಂಗ್ ಬಲ್ಲವನೇ ಕೊನೆತನಕ ಕೀಬೋರ್ಡ್ ಹಿಡಿದಿರುತ್ತಾನೆ, ಇನ್ನೊಬ್ಬ ರೆಕಾರ್ಡ್ ನಕಲು ಮಾಡುತ್ತಾನೆ. 20 ನಿಮಿಷಕ್ಕೊಮ್ಮೆ ಕೀಬೋರ್ಡ್ ಬದಲಿಸಲೇಬೇಕೆಂದು ನಿಯಮ ಮಾಡಿ. ಒಂದು ಸೆಮಿಕೋಲನ್ ಬಿಟ್ಟರೆ ಕಂಪೈಲರ್ (ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಬದಲಿಸುವ ತಂತ್ರಾಂಶ) ಹಲವು ಸಲ ಮುಂದಿನ ಸಾಲನ್ನು ತೋರಿಸುತ್ತದೆ, ಒಂದೇ ತಪ್ಪಿಗೆ ಸಾಲುಸಾಲು ಎರರ್ ಬರುವುದೂ ಉಂಟು. ಹೊಸಬರು ಅಲ್ಲೇ ಗಾಬರಿಯಾಗುತ್ತಾರೆ. ಮೊದಲ ಎರರ್ ಮಾತ್ರ ಓದು, ಆ ಸಾಲು ಮತ್ತು ಅದರ ಹಿಂದಿನ ಸಾಲು ನೋಡು, ತಿದ್ದಿ ಮತ್ತೆ ಕಂಪೈಲ್ ಮಾಡು: ಇಷ್ಟನ್ನು ಮೊದಲ ಲ್ಯಾಬಿನಲ್ಲೇ ಕಲಿಸಿ.

ವಿದ್ಯಾರ್ಥಿವೇತನ ನೋಡಲ್, ವಿಜಯಪುರ
ಕ್ಲಾಸ್ ತಪ್ಪಸಾಕ ರೊಕ್ಕದ ಚಿಂತಿನೂ ಕಾರಣ ಇರ್ತದರಿ, ಅದನ್ನೂ ಕೇಳ್ರಿ. ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಮಂಜೂರಾದ್ರೂ ರೊಕ್ಕ ಬರ್ಲಿಲ್ಲ ಅಂದ್ರ ಮೊದಲು ಆಧಾರ್ ಸೀಡಿಂಗ್, ಅಂದ್ರ ಖಾತೆಗೆ ಆಧಾರ್ ಜೋಡಣಿ, ನೋಡ್ರಿ. ಬ್ಯಾಂಕಿಗೆ ಆಧಾರ್ ಝೆರಾಕ್ಸ್ ಕೊಟ್ರ ಸಾಲಂಗಿಲ್ಲ, ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನೋಡೂ ಸಂಸ್ಥೆ) ಕಡೆ ಖಾತೆಯ ಮ್ಯಾಪಿಂಗ್ ಆಗಬೇಕು. ರೊಕ್ಕ ಹೋಗೂದು ಕಡೀಕ ಮ್ಯಾಪ್ ಆದ ಖಾತೆಗೆ. ಅದು ಯಾವ ಬ್ಯಾಂಕ್ ಅನ್ನೂದು ಆಧಾರ್ ಕೊಡೂ ಯುಐಡಿಎಐ ವೆಬ್‌ಸೈಟಿನಾಗ ಕಾಣ್ತದ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್‌ಕಾರ್ಡ್, ಆಧಾರ್, ಮೂರರಾಗೂ ಹೆಸರು ಒಂದೇ ಇರ್ಲಿ. ಪ್ರಮಾಣಪತ್ರದ ಅವಧಿ ಮುಗದದೇನು ಅಂತ ಅಡ್ಮಿಶನ್ ದಿನಾನೇ ನೋಡ್ರಿ. ಹೆಣ್ಣುಮಕ್ಕಳಿಗೆ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಕೊಡೂ ಪ್ರಗತಿ ವಿದ್ಯಾರ್ಥಿವೇತನ ಐತಿ, ವರ್ಷಕ್ಕ 50,000 ರೂಪಾಯಿ, ಮನಿ ವರಮಾನ 8 ಲಕ್ಷ ದಾಟಿರಬಾರದು. ಮೊದಲನೇ ವರ್ಷದಾಗೇ ಹಾಕಸ್ರಿ.

ಮೆಂಟರ್, ಬಾಗಲಕೋಟೆ
ಎಲ್ಲರಿಗೂ ಧನ್ಯವಾದ. ಕನ್ನಡ-ಇಂಗ್ಲಿಷ್ ಪರೀಕ್ಷೆಯ ಹಾಳೆಯನ್ನೇ ಮೊದಲು ತಯಾರಿಸುತ್ತೇನೆ. ಗಣಿತ ವಿಭಾಗದವರು ತಮ್ಮ ಆರು ಲೆಕ್ಕಗಳನ್ನು ಇಲ್ಲಿ ಹಾಕಬಹುದೇ?