ಜನತಾಗೂ ಡ್ಯೂರೋಗೂ ಸ್ಟೀಲ್ ಚೈನು: ಕಡಿಮೆ ದುಡ್ಡಿಗೆ ಯಾವುದು, ಹೇಗೆ?

ಪ್ರಶ್ನೆ: ಮನೆಯಲ್ಲಿ ಎರಡು ವಾಚಿವೆ. ಒಂದು ಕೀ ಕೊಡುವ ಎಚ್‌ಎಂಟಿ ಜನತಾ, ಇನ್ನೊಂದು ರೆಸಿನ್ ಬೆಲ್ಟಿನ ಕ್ಯಾಸಿಯೊ ಡ್ಯೂರೋ. ಎರಡಕ್ಕೂ ಸ್ಟೀಲ್ ಚೈನು ಹಾಕಬೇಕು ಅಂತಿದೆ. ಒಂದೊಂದಕ್ಕೆ ಸಾವಿರ, ಹೆಚ್ಚೆಂದರೆ ಸಾವಿರದೈನೂರು. ಆನ್‌ಲೈನಲ್ಲಿ ನಾನ್ನೂರರದ್ದೂ ನಾಲ್ಕು ಸಾವಿರದ್ದೂ ಫೋಟೋದಲ್ಲಿ ಒಂದೇ ಥರ ಕಾಣುತ್ತವೆ. ಏನು ನೋಡಿ ತಗೊಳ್ಳಬೇಕು? ಮನೆಯಲ್ಲೇ ಕೂರಿಸಬಹುದಾ? ಮಣಿಕಟ್ಟು ಆರೂವರೆ ಇಂಚು. ಗೊತ್ತಿರುವವರು ದಯವಿಟ್ಟು ಹೇಳಿ.

*

ಮೊದಲು ಲಗ್ ಅಳತೆ ತಗೊಳ್ಳಿ ಸರ್. ಚೈನು ಸಿಕ್ಕಿಸುವ ಎರಡು ಕಾಲುಗಳ ಒಳಮೈಯಿಂದ ಒಳಮೈಗೆ ಎಷ್ಟು ಮಿಲಿಮೀಟರ್ ಅನ್ನೋದು. ಜನತಾಗೆ ಸಾಮಾನ್ಯವಾಗಿ 18, ಡ್ಯೂರೋಗೆ 22. ಆದರೂ ಕೈಯಲ್ಲಿರುವ ವಾಚನ್ನೇ ಅಳೀರಿ. ಮಿಲಿಮೀಟರ್ ಅಳೆಯುವ ವರ್ನಿಯರ್ ಕ್ಯಾಲಿಪರ್ ಇಲ್ಲದಿದ್ದರೆ ದಪ್ಪ ಕಾಗದದ ಪಟ್ಟಿಯೊಂದನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಬನ್ನಿ. ಕಾಲುಗಳ ನಡುವೆ ಬಾಗದೆ, ಅಲ್ಲಾಡದೆ ಕೂತಾಗ ಅದನ್ನು ಸ್ಕೇಲಿನ ಮೇಲಿಟ್ಟು ನೋಡಿ.

ಚರ್ಮದ ಬೆಲ್ಟ್ ಒಂದು ಮಿಮೀ ಅಗಲ ಜಾಸ್ತಿ ಇದ್ದರೂ ಅದುಮಿ ತೂರಿಸಬಹುದು, ಸ್ಟೀಲು ಹಾಗಲ್ಲ. 19ರ ಕಾಲಿಗೆ 20ರ ಚೈನು ಹೋಗುವುದೇ ಇಲ್ಲ. 18ರದ್ದು ಹೋಗುತ್ತದೆ, ಆದರೆ ಪಕ್ಕಕ್ಕೆ ಜಾರಾಡುತ್ತದೆ. ಆ ಜಾರಾಟದಲ್ಲಿ ಸ್ಪ್ರಿಂಗ್ ಬಾರಿನ, ಅಂದರೆ ಚೈನನ್ನು ಕಾಲುಗಳ ನಡುವೆ ಹಿಡಿಯುವ, ಒತ್ತಿದರೆ ಕುಗ್ಗುವ ಸಣ್ಣ ಕಡ್ಡಿಯ ತುದಿಯೂ ಅದು ಕೂರುವ ತೂತೂ ಸವೆಯುತ್ತವೆ. ಅರ್ಧ ಮಿಮೀವರೆಗಿನ ಸಡಿಲ ಪರವಾಗಿಲ್ಲ, ಅದಕ್ಕಿಂತ ಹೆಚ್ಚಾದರೆ ಬೇಡ.

ಇನ್ನೊಂದು ಅಳತೆ ಕೈಯದು. ಆರೂವರೆ ಇಂಚು ಅಂದರೆ ಸುಮಾರು 165 ಮಿಮೀ. ಚೈನಿನಲ್ಲಿ ಎರಡೂ ಬದಿ ಎಷ್ಟೆಷ್ಟು ಲಿಂಕ್ ತೆಗೆಯಬಹುದು ಅಂತ ಕೇಳಿ. ಕೆಲವು ಅಗ್ಗದ ಚೈನುಗಳಲ್ಲಿ ಲಾಕಿನ ಪಕ್ಕದ ನಾಲ್ಕೈದು ಲಿಂಕಿಗೆ ಮಾತ್ರ ತೆಗೆಯುವ ಪಿನ್ ಇರುತ್ತದೆ, ಉಳಿದವು ಕಾಯಂ. ಸಣ್ಣ ಕೈಗೆ ಅಂಥದ್ದು ಎಷ್ಟು ಕುಗ್ಗಿಸಿದರೂ ಬಳೆ ಥರ ತೂಗಾಡುತ್ತದೆ.

*

ಡ್ಯೂರೋ ಬಗ್ಗೆ ಹೇಳ್ತೀನಿ, ಜನ ಅತಿ ಹೆಚ್ಚು ದುಡ್ಡು ಹಾಳು ಮಾಡಿಕೊಳ್ಳೋದು ಇಲ್ಲೇ. ಕೇಸಿಗೆ, ಅಂದರೆ ವಾಚಿನ ಲೋಹದ ಮೈಗೆ, ತಾಗುವ ಕೊನೆಯ ತುಂಡು, ಎಂಡ್ ಲಿಂಕ್, ಅದರಲ್ಲಿ ಎರಡು ಜಾತಿ. ನೇರ ತುದಿ ಯಾವ ವಾಚಿಗಾದರೂ ಕೂರುತ್ತದೆ, ಆದರೆ ದುಂಡು ಕೇಸಿಗೂ ಚೈನಿಗೂ ನಡುವೆ ಅರ್ಧಚಂದ್ರದಂಥ ಖಾಲಿ ಜಾಗ ಉಳಿಯುತ್ತದೆ. ಬಾಗಿದ ತುದಿ ಆ ಜಾಗ ತುಂಬುತ್ತದೆ, ಆದರೆ ಅದೇ ವಾಚಿಗೆಂದು ಮಾಡಿದ್ದರೆ ಮಾತ್ರ.

"ಯೂನಿವರ್ಸಲ್, ಬಾಗಿದ ತುದಿ, 22 ಮಿಮೀ" ಅಂತ ಬರೆದಿರುವುದನ್ನು ನಂಬಬೇಡಿ. 22 ಅನ್ನೋದು ಅಗಲ ಮಾತ್ರ. ಕೂರಬೇಕಾದರೆ ಇನ್ನೂ ಎರಡು ಹೊಂದಬೇಕು. ಒಂದು, ಬಾಗು. ಡ್ಯೂರೋ ಕೇಸು ಸುಮಾರು 44 ಮಿಮೀ, ದೊಡ್ಡದು. ಚಿಕ್ಕ ಕೇಸಿಗೆ ಬಾಗಿಸಿದ ಎಂಡ್ ಲಿಂಕ್ ಇಲ್ಲಿ ಎರಡು ಮೂಲೆಗಳಲ್ಲಿ ಕೇಸನ್ನು ಕೆರೆಯುತ್ತದೆ, ನಡುವೆ ಸಂದು ಬಿಡುತ್ತದೆ. ಉಲ್ಟಾ ಆದರೆ ನಡುವೆ ತಾಗಿ ಮೂಲೆ ಬಿಡುತ್ತದೆ. ಎರಡು, ಕೇಸಿನ ಗೋಡೆಯಿಂದ ಸ್ಪ್ರಿಂಗ್ ಬಾರ್ ತೂತಿಗೆ ಇರುವ ದೂರ. ಎಂಡ್ ಲಿಂಕಿನಲ್ಲಿ ಆ ದೂರ ಜಾಸ್ತಿ ಇದ್ದರೆ ಬಾರು ತೂತಿನವರೆಗೆ ಬರುವುದೇ ಇಲ್ಲ, ಕಮ್ಮಿ ಇದ್ದರೆ ಲೊಡಲೊಡ ಅನ್ನುತ್ತದೆ. ಬಲವಂತವಾಗಿ ಒತ್ತಿ ಕೂರಿಸಿದರೆ ಬಾರು ಅರ್ಧ ಮಾತ್ರ ಕೂತು, ಕೈ ಎಲ್ಲೋ ತಗುಲಿದಾಗ ವಾಚು ಕಳಚಿ ಬೀಳುತ್ತದೆ.

ಸೀಕೊ ಎಸ್‌ಕೆಎಕ್ಸ್ 007 ಅನ್ನುವ ವಾಚಿಗೂ 22 ಮಿಮೀ ಇದೆಯಲ್ಲ, ಅದರ ಚೈನು ಹಾಕೋಣ ಅಂತ ಅನೇಕರು ತರಿಸುತ್ತಾರೆ. ಅದರ ಎಂಡ್ ಲಿಂಕ್ ಆ ಕೇಸಿನ ಬಾಗಿಗೇ ಮಾಡಿದ್ದು. ಜೊತೆಗೆ ಅದರ ಸ್ಪ್ರಿಂಗ್ ಬಾರ್ 2.5 ಮಿಮೀ ದಪ್ಪ, ತುದಿಯೂ ದಪ್ಪ. ಮಾಮೂಲಿ ತೂತಿಗೆ ಅದು ಇಳಿಯುವುದಿಲ್ಲ.

ಹಾಗಾಗಿ ನಿಮ್ಮ ಬಜೆಟ್ಟಿಗೆ ಡ್ಯೂರೋಗೆ ಎರಡೇ ದಾರಿ: ಡ್ಯೂರೋ ಹೆಸರು ಹೇಳಿ, ಕೂರಿಸಿದ ಫೋಟೋ ಸಮೇತ ಮಾರುವ ಚೈನು, ಇಲ್ಲವೇ ನೇರ ತುದಿ. ಹೊರದೇಶದ ಒಳ್ಳೆಯ ಚೈನುಗಳು ಸಿಗುತ್ತವೆ, ಆದರೆ ಸಾಗಣೆ, ಸುಂಕ ಎಲ್ಲ ಸೇರಿ ಚೈನಿನ ಬೆಲೆ ವಾಚಿನ ಬೆಲೆ ದಾಟಿಬಿಡಬಹುದು.

*

ಮೇಲಿನವರು ಹೇಳಿದ ನೇರ ತುದಿಗೆ ನನ್ನ ಓಟು. ಅರ್ಧಚಂದ್ರದ ಸಂದು ಎರಡು ದಿನ ಕಣ್ಣಿಗೆ ಕಾಣುತ್ತದೆ, ಆಮೇಲೆ ಮರೆತುಹೋಗುತ್ತದೆ. ಸರಿಯಾಗಿ ಕೂರದ ಬಾಗಿದ ತುದಿ ಕೇಸಿನ ಮೇಲೆ ಬಿಡುವ ಗೀರು ಮಾತ್ರ ಹೋಗುವುದಿಲ್ಲ.

ಈಗ ಫೋಟೋ ನೋಡಿ ಅಗ್ಗದ್ದನ್ನೂ ಗಟ್ಟಿಯದ್ದನ್ನೂ ಬೇರೆ ಮಾಡುವುದು ಹೇಗೆ ಅಂತ. ಮೇಲಿನಿಂದ ತೆಗೆದ ಫೋಟೋ ಬಿಡಿ, ಪಕ್ಕದಿಂದ ತೆಗೆದದ್ದು ನೋಡಿ. ಲಿಂಕಿನ ಪಕ್ಕದಲ್ಲಿ ತಗಡು ಸುತ್ತಿದ ಪದರ ಕಂಡರೆ ಅದು ಮಡಿಚಿದ ಲಿಂಕು. ಹಗುರ, ಸ್ವಲ್ಪ ಕಾಲಕ್ಕೇ ಹಿಗ್ಗುತ್ತದೆ, ಸಂದಿಯಲ್ಲಿ ಕೂದಲು ಹಿಡಿದೆಳೆಯುತ್ತದೆ. ತುಂಬಿದ ಲೋಹದಲ್ಲಿ ಒಂದು ಸಣ್ಣ ತೂತು ಮಾತ್ರ ಕಂಡರೆ ಘನ ಲಿಂಕು. ಪಕ್ಕದ ಫೋಟೋವೂ ಲಾಕಿನ ಒಳಭಾಗದ ಫೋಟೋವೂ ಹಾಕದ ಮಾರಾಟಗಾರರ ಹತ್ತಿರ ಕೊಳ್ಳಬೇಡಿ.

ಲಿಂಕಿಗಿಂತ ಲಾಕು ಮುಖ್ಯ ಅಂತ ನನ್ನ ಅಭಿಪ್ರಾಯ. ಅಗ್ಗದ ಚೈನು ಕೆಡುವುದು ಹೆಚ್ಚಾಗಿ ಅಲ್ಲೇ. ಚಿಟ್ಟೆ ಲಾಕು, ಅಂದರೆ ಎರಡು ರೆಕ್ಕೆ ಮಡಚಿ ಒಳಗೆ ಅಡಗುವಂಥದ್ದು, ನೋಡೋಕೆ ಚೆಂದ. ಆದರೆ ಅದರಲ್ಲಿ ಸಣ್ಣ ಹೊಂದಾಣಿಕೆ ಇಲ್ಲ. ಲಿಂಕ್ ಒಂದು ತೆಗೆದರೆ ಬಿಗಿ, ಹಾಕಿದರೆ ಸಡಿಲ ಅನ್ನುವ ಸ್ಥಿತಿ ಬರುತ್ತದೆ. ಬೇಸಿಗೆಯಲ್ಲಿ ಕೈ ಊದುವುದು ಬೇರೆ. ಪಕ್ಕದಲ್ಲಿ ಮೂರ್ನಾಲ್ಕು ತೂತಿರುವ ಮಡಿಚುವ ಲಾಕು ತಗೊಳ್ಳಿ. ತೂತಿನಿಂದ ತೂತಿಗೆ ಎರಡು ಮೂರು ಮಿಮೀ ವ್ಯತ್ಯಾಸ, ಅಷ್ಟೇ ಬೇಕಾಗೋದು. ಎರಡೂ ಬದಿ ಗುಂಡಿ ಒತ್ತಿದರೆ ಮಾತ್ರ ಬಿಚ್ಚುವಂಥದ್ದಾದರೆ ಇನ್ನೂ ಒಳ್ಳೇದು.

ಲಾಕು ತಾನಾಗಿ ಬಿಚ್ಚಿಕೊಳ್ಳಲು ಶುರುವಾದರೆ ಚೈನು ಎಸೆಯಬೇಡಿ. 16, 18 ಮಿಮೀ ಲಾಕುಗಳು ಬಿಡಿಯಾಗಿ ಸಿಗುತ್ತವೆ. ಲಾಕಿನ ಹತ್ತಿರ ಚೈನಿನ ಅಗಲ ಅಳೆದು ತರಿಸಿ. 22ರಲ್ಲಿ ಶುರುವಾಗುವ ಚೈನು ಅಲ್ಲಿಗೆ ಬರುವ ಹೊತ್ತಿಗೆ 20ಕ್ಕೋ 18ಕ್ಕೋ ಕಿರಿದಾಗಿರುತ್ತದೆ.

*

ಜನತಾ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಭಾರದ ಚೈನು ಅದಕ್ಕೆ ಹಾಕಬೇಡಿ. ವಾಚು ಹಗುರ, ಚೈನು ತೂಕ ಹೆಚ್ಚಾದರೆ ಲಾಕು ಕೆಳಗೆ ಜಾರಿ ಡಯಲ್ಲು ಕೈಯ ಪಕ್ಕಕ್ಕೆ ತಿರುಗುತ್ತದೆ.

ಅದಕ್ಕಿಂತ ಮುಖ್ಯ, ಕೇಸು ಯಾವುದರದ್ದು ಅಂತ ನೋಡಿ. ಹಿಂದಿನ ಮುಚ್ಚಳ ಮಾತ್ರ ಸ್ಟೇನ್‌ಲೆಸ್ ಅಂತ ಬರೆದಿದ್ದರೆ ಕೇಸು ಹಿತ್ತಾಳೆಯದ್ದಾಗಿ ಮೇಲೆ ಕ್ರೋಮ್ ಇರುವ ಸಾಧ್ಯತೆ ಹೆಚ್ಚು. ಕಾಲಿನ ಒಳಮೈ, ಚೂಪಾದ ಅಂಚು, ಇಲ್ಲೆಲ್ಲಾದರೂ ಹಳದಿ ಇಣುಕುತ್ತಿದ್ದರೆ ಅನುಮಾನವೇ ಬೇಡ. ಸ್ಟೀಲು ಹಿತ್ತಾಳೆಗಿಂತ ಗಟ್ಟಿ. ಪ್ರತಿ ಅಲುಗಾಟಕ್ಕೂ ಚೈನಿನ ತುದಿ ಕ್ರೋಮನ್ನು ಉಜ್ಜುತ್ತದೆ, ಪದರ ಹೋದಲ್ಲಿ ಬೆವರು ಸೇರಿ ಹಸಿರು ಕಿಲುಬು ಕಟ್ಟುತ್ತದೆ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಶುರುವಾದ ಎಚ್‌ಎಂಟಿ ವಾಚಿನ ಕಾರ್ಖಾನೆ ಈಗ ಇಲ್ಲ. ಅಸಲಿ ಕೇಸು ಹಾಳಾದರೆ ಮತ್ತೊಂದು ಹುಡುಕುವುದು ಬಹಳ ಕಷ್ಟ. ಚೈನು ನೂರು ಸಿಗುತ್ತದೆ, ಹಾಗಾಗಿ ಕೇಸನ್ನು ಉಳಿಸುವ ಚೈನನ್ನೇ ಆರಿಸಿ.

ಹಳೇ ಕಾಲದವರು ಹಾಕುತ್ತಿದ್ದ, ರಬ್ಬರಿನಂತೆ ಎಳೆದರೆ ಹಿಗ್ಗುವ ಸ್ಪ್ರಿಂಗ್ ಚೈನು ಜನತಾಗೆ ಒಪ್ಪುತ್ತದೆ ಅನ್ನುತ್ತಾರೆ. ನಿಜ, ಒಪ್ಪುತ್ತದೆ. ಆದರೆ 16ರಿಂದ 20ರವರೆಗೆ ಹೊಂದುವ ಜಾರುವ ತುದಿ ಇರುವುದನ್ನು ತಗೊಳ್ಳಬೇಡಿ. ಆ ತಗಡಿನ ಅಂಚು ಬ್ಲೇಡಿನಂತಿದ್ದು ಕಾಲುಗಳನ್ನು ಒಳಗಿನಿಂದ ಕೊರೆಯುತ್ತದೆ. 18ರ ನಿಶ್ಚಿತ ತುದಿಯದ್ದು ಸಿಕ್ಕರೆ ಸರಿ.

ನಾನು ಹೇಳೋದು ಮಿಲನೀಸ್ ಜಾಲರಿ, ಅಂದರೆ ತೆಳು ಸ್ಟೀಲ್ ತಂತಿ ಹೆಣೆದ ಪಟ್ಟಿ, 18 ಮಿಮೀ. ತೆಳು, ಹಗುರ, ಜಾರುವ ಲಾಕಿನಿಂದ ಯಾವ ಅಳತೆಗಾದರೂ ನಿಲ್ಲಿಸಬಹುದು, ಲಿಂಕ್ ತೆಗೆಯುವ ರಗಳೆಯೇ ಇಲ್ಲ.

*

ಜಾಲರಿಗೆ ಒಂದು ಎಚ್ಚರಿಕೆ. ಲಾಕಿನ ಹಿಡಿತ ಒಂದು ಪುಟ್ಟ ಹಲ್ಲಿನ ಮೇಲೆ ನಿಂತಿರುತ್ತದೆ. ಅದು ಸವೆದರೆ ಕೈ ಬೀಸುವಾಗ ಜಾರುತ್ತದೆ. ಹೊಸದರಲ್ಲೇ ಲಾಕು ಹಾಕಿ ಜೋರಾಗಿ ಎಳೆದು ನೋಡಿ. ಡ್ಯೂರೋದಂಥ ಭಾರದ ವಾಚಿಗೆ ತೆಳು ಜಾಲರಿ ಬೇಡವೇ ಬೇಡ.

*

ಕೂರಿಸುವ ಕೆಲಸ ಬರೀತೀನಿ, ಮನೆಯಲ್ಲೇ ಆಗುತ್ತದೆ. ಬೇಕಾದದ್ದು: ಕವಲು ತುದಿಯ ಸ್ಪ್ರಿಂಗ್ ಬಾರ್ ಟೂಲು, ಲಿಂಕಿನ ಪಿನ್ ಹೊರಗೆ ತಳ್ಳುವ 1 ಮಿಮೀ ಮತ್ತು 0.8 ಮಿಮೀ ಪಿನ್ ಪಂಚು, ಚಿಕ್ಕ ಸುತ್ತಿಗೆ, ಚೈನು ನಿಲ್ಲಿಸುವ ಸೀಳಿರುವ ಪ್ಲಾಸ್ಟಿಕ್ ದಿಮ್ಮಿ, ಮಾಸ್ಕಿಂಗ್ ಟೇಪು. ತಿರುಪು ತಿರುಗಿಸಿ ಪಿನ್ ತಳ್ಳುವ ನೀಲಿ ಪ್ಲಾಸ್ಟಿಕ್ ಯಂತ್ರ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ಸೂಜಿ ಸ್ವಲ್ಪ ಓರೆಯಾದರೂ ಬಾಗುತ್ತದೆ. ಬಿಗಿ ಪಿನ್ನಿಗೆ ಪಂಚು, ಸುತ್ತಿಗೆಯೇ ವಾಸಿ.

ಕಾಲುಗಳ ಹೊರಮೈಗೂ ಹಿಂಬದಿಗೂ ಟೇಪು ಅಂಟಿಸಿ. ಹಳೆಯ ಬಾರನ್ನು ಕವಲಿನಿಂದ ಒಳಕ್ಕೆ ಒತ್ತಿ ಎತ್ತುವಾಗ ವಾಚನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡು ಮಾಡಿ. ಬಾರು ಹಾರಿದರೂ ಚೀಲದಲ್ಲೇ ಉಳಿಯುತ್ತದೆ.

ಲಿಂಕಿನ ಒಳಮೈಯಲ್ಲಿ ಬಾಣದ ಗುರುತಿರುತ್ತದೆ. ಪಿನ್ ಹೊರಗೆ ಹೋಗಬೇಕಾದದ್ದು ಬಾಣದ ದಿಕ್ಕಿಗೆ. ವಾಪಸ್ ಹಾಕುವಾಗ ಬಾಣಕ್ಕೆ ಎದುರಾಗಿ, ಪಿನ್ನಿನ ಸೀಳಿಲ್ಲದ ತುದಿ ಮೊದಲು. ಸೀಳು ತುದಿ ಕೊನೆಗೆ ಒಳಹೋಗಿ ಬಿಗಿ ಹಿಡಿಯುತ್ತದೆ. ಉಲ್ಟಾ ಹೊಡೆದರೆ ಸೀಳು ಮುಚ್ಚಿಕೊಂಡು ಪಿನ್ ಸಡಿಲವಾಗುತ್ತದೆ, ತಿಂಗಳೊಪ್ಪತ್ತಿನಲ್ಲಿ ತಾನೇ ಹೊರಗೆ ಇಣುಕುತ್ತದೆ. ಪಿನ್ ಸರಳವಾಗಿದ್ದು ಅದರ ಮೇಲೆ ಪುಟ್ಟ ಕೊಳವೆಯಂಥ ಕಾಲರ್ ಇದ್ದರೆ, ಅದು ನೆಲಕ್ಕೆ ಬಿದ್ದರೆ ಸಿಗುವುದು ಅನುಮಾನ, ಅದಿಲ್ಲದೆ ಪಿನ್ ನಿಲ್ಲುವುದಿಲ್ಲ. ಬಿಳಿ ಪಂಚೆ ಹಾಸಿದ ತಟ್ಟೆಯ ಮೇಲೆ ಇಟ್ಟುಕೊಂಡು ಮಾಡಿ. ತಿರುಪಿನ ಲಿಂಕಾದರೆ ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು, ನೇರಳೆ ಬಣ್ಣದ, ಕಡಿಮೆ ಹಿಡಿತದ ಲಾಕ್‌ಟೈಟ್ 222, ಒಂದು ಸೂಜಿಮೊನೆಯಷ್ಟು ಸಾಕು.

ಎರಡೂ ಬದಿ ಸಮ ಲಿಂಕ್ ತೆಗೆಯಿರಿ. ಬೆಸ ಸಂಖ್ಯೆ ಬಂದರೆ ಹೆಚ್ಚಿನ ಒಂದನ್ನು 6 ಗಂಟೆಯ ಬದಿಯಿಂದ ತೆಗೆಯಿರಿ, ಲಾಕು ಮಣಿಕಟ್ಟಿನ ಕೆಳಗೆ ನಡುವೆ ನಿಲ್ಲುತ್ತದೆ. ತೆಗೆದ ಲಿಂಕು, ಪಿನ್ನು ಒಂದು ಪೊಟ್ಟಣದಲ್ಲಿ ಕಟ್ಟಿಡಿ.

ಚೈನಿನ ಜೊತೆ ಬರುವ ಸ್ಪ್ರಿಂಗ್ ಬಾರ್ ಬಳಸಬೇಡಿ. ಇದನ್ನು ಒತ್ತಿ ಹೇಳ್ತೀನಿ. ಸಾವಿರ ರೂಪಾಯಿಯ ಚೈನಿಗೆ ಐದು ರೂಪಾಯಿಯ ಬಾರು ಹಾಕಿರುತ್ತಾರೆ. ಜನತಾಗೆ 1.5 ಮಿಮೀ ದಪ್ಪದ್ದು, ಡ್ಯೂರೋಗೆ 1.8ರದ್ದು ಬೇರೆ ತಗೊಳ್ಳಿ, ಚೈನಿನ ತುದಿಯ ಕೊಳವೆಯಲ್ಲಿ ಸಲೀಸಾಗಿ ತೂರುತ್ತದೆಯೇ ನೋಡಿ. ಕೂರಿಸುವಾಗ ಎರಡೂ ಕಡೆ ಟಿಕ್ ಅನ್ನಬೇಕು. ಆಮೇಲೆ ಹಾಸಿಗೆಯ ಮೇಲೆ ಹಿಡಿದು ಚೈನನ್ನು ಎಳೆದು, ಎಡಕ್ಕೂ ಬಲಕ್ಕೂ ತಿರುಚಿ ಪರೀಕ್ಷಿಸಿ.

*

ಕರಾವಳಿಯಲ್ಲಿರುವವರಿಗೆ ಒಂದು ಮಾತು. 316ಎಲ್ ದರ್ಜೆಯ ಸ್ಟೀಲಿನಲ್ಲಿ ಮಾಲಿಬ್ಡಿನಮ್ ಅನ್ನುವ ಲೋಹ ಇರುತ್ತದೆ, ಉಪ್ಪನ್ನು 304 ದರ್ಜೆಗಿಂತ ಚೆನ್ನಾಗಿ ತಡೆಯುತ್ತದೆ. ಆಯಸ್ಕಾಂತ ಹಿಡಿದು ಯಾವುದು ಅಂತ ತಿಳಿಯಲಾಗದು, ಎರಡಕ್ಕೂ ಅದು ಗಟ್ಟಿಯಾಗಿ ಅಂಟುವುದಿಲ್ಲ. ಗಟ್ಟಿಯಾಗಿ ಅಂಟಿದರೆ ಮಾತ್ರ ಕೀಳು ದರ್ಜೆಯ ಲೋಹ, ಅದು ಬೇಡ. ಆದರೆ ಮಂಗಳೂರು, ಕಾರವಾರದ ಗಾಳಿಯಲ್ಲಿ ಮೊದಲು ತುಕ್ಕು ಹಿಡಿಯುವುದು ಚೈನಲ್ಲ, ಒಳಗಿನ ಅಗ್ಗದ ಪಿನ್ನು. ಲಿಂಕಿನ ಸಂದಿಯಿಂದ ಕಂದು ನೀರು ಇಳಿದರೆ ಪಿನ್ನುಗಳನ್ನಷ್ಟೇ ಸ್ಟೇನ್‌ಲೆಸ್‌ಗೆ ಬದಲಿಸಿ.

ತಿಂಗಳಿಗೊಮ್ಮೆ ಬೆಚ್ಚನೆ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆ ಟೂತ್‌ಬ್ರಷ್ಷು. ಡ್ಯೂರೋ 200 ಮೀಟರ್ ನೀರುನಿರೋಧಕ, ಕ್ರೌನ್, ಅಂದರೆ ಪಕ್ಕದ ತಿರುಗುವ ಗುಂಡಿ, ಒತ್ತಿ ಬಿಗಿಯಾಗಿ ತಿರುಗಿಸಿದ್ದರೆ ಹಾಗೇ ತೊಳೆಯಿರಿ. ಜನತಾ ಹಾಗಲ್ಲ, ಚೈನು ಬಿಚ್ಚಿಯೇ ತೊಳೆಯಿರಿ. ಚರ್ಮಕ್ಕೆ ಕಡಿತ ಬಂದರೆ ಮೊದಲು ಒಂದು ತೂತು ಸಡಿಲಿಸಿ ನೋಡಿ, ಎಷ್ಟೋ ಸಲ ಕಾರಣ ಒಳಗೆ ನಿಂತ ಬೆವರು. ಆಗಲೂ ಹೋಗದಿದ್ದರೆ ನಿಕಲ್ ಅಲರ್ಜಿ ಇರಬಹುದು, 316ಎಲ್‌ನಲ್ಲೂ ನಿಕಲ್ ಇದೆ. ಅಂಥವರಿಗೆ ಟೈಟಾನಿಯಂ ಸರಿ.

*

ಕೇಳಿದವರಿಂದ: ಎಲ್ಲರಿಗೂ ನಮಸ್ಕಾರ. ಕಾಗದದ ಪಟ್ಟಿಯಲ್ಲಿ ಜನತಾ 18ಕ್ಕೆ ಕೂದಲೆಳೆ ಕಮ್ಮಿ, ಡ್ಯೂರೋ ಸರಿಯಾಗಿ 22. ಜನತಾದ ಕಾಲಿನ ಒಳಗೆ ಹಳದಿ ಇದೆ. ಹಾಗಾದರೆ ಏನು ತರಿಸಲಿ?

*

ಜನತಾಗೆ 18ರ ತೆಳು ಜಾಲರಿ. ತುದಿ ಬಿಗಿ ಅನ್ನಿಸಿದರೆ ಚೈನಿನ ತುದಿಯ ಪಕ್ಕಗಳನ್ನು 400ರ ನೀರು ಕಾಗದದಲ್ಲಿ (ನೀರು ಹಚ್ಚಿ ಉಜ್ಜುವ ಉಪ್ಪುಕಾಗದ) ಸ್ವಲ್ಪ ಉಜ್ಜಿ, ಅಂಚು ದುಂಡಗೆ ಮಾಡಿ. ಕಾಲನ್ನು ಮಾತ್ರ ಯಾವ ಕಾರಣಕ್ಕೂ ಅರದಿಂದ ಮುಟ್ಟಬೇಡಿ. ಡ್ಯೂರೋಗೆ 22ರ ನೇರ ತುದಿ, ಘನ ಲಿಂಕು, ಮೂರು ಪಟ್ಟಿಯ ಆಯ್‌ಸ್ಟರ್ ಮಾದರಿ, ಲಾಕಿನಲ್ಲಿ ತೂತಿನ ಹೊಂದಾಣಿಕೆ. ಹೊಳಪಿನದ್ದಕ್ಕಿಂತ ಗೆರೆ ಎಳೆದ ಬ್ರಷ್ ಮೈ ಇರಲಿ. ಗೀರು ಬಿದ್ದರೆ ಸ್ಕಾಚ್‌ಬ್ರೈಟ್‌ನಿಂದ ಗೆರೆಯ ದಿಕ್ಕಿಗೇ ನಾಲ್ಕು ಸಲ ಎಳೆದರೆ ಮಾಯುತ್ತದೆ. ಜಾಲರಿ ಸಾವಿರದ ಒಳಗೇ ಬರುತ್ತದೆ, ಉಳಿದದ್ದರಲ್ಲಿ ಬಾರು, ಪಂಚು ತಗೊಳ್ಳಿ.

ಚೈನು ಬಂದ ದಿನವೇ ಲಿಂಕ್ ತೆಗೆಯಬೇಡಿ. ಮೊದಲು ತುದಿ ಕೂರಿಸಿ, ಲಾಕನ್ನು ಇಪ್ಪತ್ತು ಸಲ ತೆಗೆದು ಹಾಕಿ ನೋಡಿ. ಪಿನ್ ಒಮ್ಮೆ ಬಡಿದು ಗುರುತು ಬಿದ್ದರೆ ಮಾರಿದವರು ವಾಪಸ್ ತಗೊಳ್ಳುವುದಿಲ್ಲ.